ವೇಬ್ರಿಡ್ಜ್ ಮುಂದೆ ಸಿಕ್ಕ ಹಡಗುಗಳ ಸಾಲು

ಬಂದರಿನ ಟ್ರಾಫಿಕ್ ವಿಭಾಗದಲ್ಲಿ ಇರುವವರಿಗೆ ದಿನ ಶುರುವಾಗುವುದು ಬರ್ತಿಂಗ್ ಮೀಟಿಂಗಿನಿಂದ. ಯಾವ ಹಡಗು ಎಷ್ಟು ಹೊತ್ತಿಗೆ ಧಕ್ಕೆ ಬಿಡುತ್ತದೆ, ಆ ಜಾಗಕ್ಕೆ ಯಾವುದು ಬರುತ್ತದೆ, ಹಡಗಿಗೆ ದಾರಿ ತೋರಿಸುವ ಪೈಲಟ್ ಯಾವಾಗ ಹತ್ತಬೇಕು, ಎಳೆಯುವ ಟಗ್ ದೋಣಿ ಎಷ್ಟು ಬೇಕು, ಇಷ್ಟೇ ಮಾತು. ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಆ ದಿನ ಮಾತ್ರ ಮುಗಿಯಲಿಲ್ಲ. ಹೊರಗೆ ಲಂಗರು ಹಾಕಿಕೊಂಡು ಏಳು ಹಡಗು ನಿಂತಿದ್ದವು. ಹಿರಿಯ ಹಡಗು ಏಜೆಂಟರೊಬ್ಬರು ಮೆಲ್ಲಗೆ ಕೇಳಿದರು: "ಸಾರ್, ನಿಮ್ಮ ಪುಸ್ತಕದ ಪ್ರಕಾರ ಈ ಬಂದರಿಗೆ ಈಗ ಬರುವುದರ ಎರಡರಷ್ಟು ಸರಕು ಬಂದರೂ ತಡೆಯುತ್ತೆ ಅಂತೀರಿ. ಹಾಗಾದ್ರೆ ಈ ಏಳು ಯಾಕೆ ಹೊರಗಿವೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಸುಮ್ನೆ "ನೋಡೋಣ" ಅಂದೆ. ಆಮೇಲೆ ಅದನ್ನೇ ನೋಡುತ್ತಾ ಒಂದೂವರೆ ವರ್ಷ ಕಳೆದೆ. ಅದರ ಕಥೆ ಇದು. ಲೆಕ್ಕ ಹಿಡಿಯಲು ಸುಲಭವಾಗಲಿ ಅಂತ ಸಂಖ್ಯೆಗಳನ್ನು ಸ್ವಲ್ಪ ದುಂಡಗೆ ಮಾಡಿದ್ದೇನೆ.

ಮೊದಲು ಆ 'ಪುಸ್ತಕದ ಲೆಕ್ಕ' ಏನು ಅಂತ ಹೇಳಿಬಿಡುತ್ತೇನೆ. ನಮ್ಮಲ್ಲಿ ಬಿಡಿ ಸರಕಿಗೆ (ಮೂಟೆ ಕಟ್ಟದೆ ಹಾಗೇ ಸುರಿದು ತರುವ ಸರಕು) ಮೂರು ಬರ್ತ್, ಅಂದರೆ ಧಕ್ಕೆಯಲ್ಲಿ ಹಡಗು ನಿಲ್ಲುವ ಜಾಗ. ಮುಖ್ಯವಾಗಿ ಕಲ್ಲಿದ್ದಲು. ಬರುವುದು 50,000 ಟನ್ ಹೊತ್ತ, ಐದು ಹ್ಯಾಚಿನ, ಅಂದರೆ ಐದು ಸರಕು ಕೋಣೆಯ ಹಡಗುಗಳು. ಪ್ರತಿ ಹಡಗಿಗೆ ಎರಡು ಕ್ರೇನ್. ಕ್ರೇನಿಗೆ ತೂಗುವ ಬಾಚುವ ಬಕೆಟ್, ಅಂದರೆ ಗ್ರಾಬ್, ಒಂದು ಸಲಕ್ಕೆ 12 ಟನ್ ಎತ್ತುತ್ತದೆ. ಹೊಟ್ಟೆಯೊಳಗೆ ಇಳಿದು, ಬಾಚಿ, ಮೇಲೆ ಬಂದು, ಕೆಳಗಿನ ಗಾಡಿಗೆ ಸರಕು ಇಳಿಸುವ ಹಾಪರಿಗೆ ಸುರಿದು, ಮತ್ತೆ ಇಳಿಯಲು ಎರಡೂವರೆ ನಿಮಿಷ. ಗಂಟೆಗೆ 24 ಸಲ, ಅಂದರೆ 288 ಟನ್. ಎರಡು ಕ್ರೇನಿಗೆ 576. ದಿನಕ್ಕೆ 13,800 ಚಿಲ್ಲರೆ. ಇದನ್ನು ಮೂರು ಬರ್ತಿಗೂ 365 ದಿನಕ್ಕೂ ಗುಣಿಸಿದರೆ ವರ್ಷಕ್ಕೆ ಒಂದೂವರೆ ಕೋಟಿ ಟನ್. ನಿಜಕ್ಕೂ ಇಳಿಯುತ್ತಿದ್ದುದು 73 ಲಕ್ಷ. ಅರ್ಧವೂ ಇಲ್ಲ. ಆದರೂ ಬರ್ತುಗಳು ವರ್ಷದ 80 ಶೇಕಡಾ ಹೊತ್ತು ತುಂಬಿರುತ್ತಿದ್ದವು. ಹಡಗುಗಳು ಸರಾಸರಿ ನಾಲ್ಕು ದಿನ ಹೊರಗೆ ಕಾಯುತ್ತಿದ್ದವು.

ಅರ್ಧ ಕೆಲಸ, ಪೂರ್ತಿ ಜಾಗ. ಎಲ್ಲೋ ಸೋರುತ್ತಿದೆ ಅಂತ ಯಾರಿಗಾದರೂ ಅನಿಸಬೇಕು ಅಲ್ವಾ? ನಮಗೆ ಅನಿಸಿರಲಿಲ್ಲ. ಕಾರಣ, ನಾವು ಆ 80 ಶೇಕಡಾವನ್ನು ಹೆಮ್ಮೆಯಿಂದ ವರದಿಯಲ್ಲಿ ಹಾಕುತ್ತಿದ್ದೆವು. ಬರ್ತ್ ಖಾಲಿ ಬಿದ್ದಿಲ್ಲ, ಚೆನ್ನಾಗಿ ಬಳಸುತ್ತಿದ್ದೇವೆ ಅಂತ. ಬರ್ತಿನಲ್ಲಿ ಹಡಗು ಇರುವುದಕ್ಕೂ ಬರ್ತಿನಲ್ಲಿ ಕೆಲಸ ನಡೆಯುವುದಕ್ಕೂ ವ್ಯತ್ಯಾಸ ಇದೆ ಅನ್ನುವುದು ಎಲ್ಲರಿಗೂ ಗೊತ್ತು, ಆದರೆ ವರದಿಯಲ್ಲಿ ಅದಕ್ಕೊಂದು ಕಾಲಂ ಇರಲಿಲ್ಲ.

ಮೇಲಿನವರ ಮೇಜಿನ ಮೇಲೆ ಆಗಲೇ ಒಂದು ಪರಿಹಾರ ಇತ್ತು: ನಾಲ್ಕನೇ ಬರ್ತ್ ಕಟ್ಟುವುದು. ನನಗೂ ಅದೇ ಸರಿ ಅನಿಸಿತ್ತು. ಆದರೂ ಆ ಏಜೆಂಟರ ಪ್ರಶ್ನೆ ಕುಟುಕುತ್ತಿತ್ತು. ಒಂದು ತಿಂಗಳು ಕೊಡಿ, ಹಳೆಯ ಹಡಗುಗಳ ಕಾಗದ ಓದುತ್ತೇನೆ ಅಂತ ಕೇಳಿದೆ. ಕೊಟ್ಟರು.

ಓದಿದ್ದು ಸ್ಟೇಟ್‌ಮೆಂಟ್ ಆಫ್ ಫ್ಯಾಕ್ಟ್ಸ್. ಹಡಗಿನ ದಿನಚರಿ ಅನ್ನಬಹುದು. ಲಂಗರು ಹಾಕಿದ್ದು ಎಷ್ಟು ಗಂಟೆಗೆ, ಸಿದ್ಧ ಇದ್ದೇನೆ ಅಂತ ಕ್ಯಾಪ್ಟನ್ ನೋಟಿಸ್ ಕೊಟ್ಟಿದ್ದು ಯಾವಾಗ, ಪೈಲಟ್ ಹತ್ತಿದ್ದು, ಮೊದಲ ಹಗ್ಗ ಕಟ್ಟಿದ್ದು, ಕೆಲಸ ಶುರು, ಕೆಲಸ ನಿಂತಿದ್ದು, ಯಾಕೆ ನಿಂತಿತು, ಮತ್ತೆ ಶುರು. ಕೊನೆಗೆ ಏಜೆಂಟ್ ಮತ್ತು ಕ್ಯಾಪ್ಟನ್ ಸಹಿ. ಇದರ ಒಳ್ಳೆಯ ಗುಣ ಏನೆಂದರೆ ಇದರ ಮೇಲೆ ದುಡ್ಡು ನಿಂತಿದೆ. ಒಪ್ಪಂದದಲ್ಲಿ ಕೊಟ್ಟ ಹೊತ್ತು ಮೀರಿದರೆ ಹಡಗು ಬಾಡಿಗೆಗೆ ತಂದವನು ಮಾಲೀಕನಿಗೆ ಡೆಮರೇಜ್, ಅಂದರೆ ತಡವಾದದ್ದಕ್ಕೆ ಪರಿಹಾರದ ಹಣ ಕೊಡಬೇಕು. ಹಾಗಾಗಿ ಹತ್ತು ನಿಮಿಷಕ್ಕೂ ಎರಡೂ ಕಡೆಯವರು ಜಗಳವಾಡಿ ಬರೆಸಿರುತ್ತಾರೆ. ಬಂದರಿನಲ್ಲಿ ಇಷ್ಟು ನಂಬಬಹುದಾದ ಕಾಗದ ಇನ್ನೊಂದಿಲ್ಲ. ನಾವು ಅದನ್ನು ಫೈಲ್ ಮಾಡಿ ಬೀರುವಿನಲ್ಲಿ ಇಡುತ್ತಿದ್ದೆವು.

ನಲವತ್ತು ಹಡಗಿನ ಕಾಗದ ತೆಗೆದುಕೊಂಡು ಬಣ್ಣದ ಪೆನ್ಸಿಲ್ ಹಿಡಿದು ಕೂತೆ. ಗ್ರಾಬ್ ಓಡಿದ ಹೊತ್ತಿಗೆ ಹಸಿರು, ಉಳಿದದ್ದಕ್ಕೆ ಕಾರಣಕ್ಕೊಂದು ಬಣ್ಣ. ಒಂದು ಹಡಗಿನ ಲೆಕ್ಕ ಇಲ್ಲಿ ಬಿಡಿಸಿ ಹೇಳುತ್ತೇನೆ, ಉಳಿದವೂ ಹೆಚ್ಚು ಕಡಿಮೆ ಹೀಗೇ ಇದ್ದವು. ಅದು ಧಕ್ಕೆಯಲ್ಲಿ ನಿಂತಿದ್ದು ಆರು ದಿನ, 144 ಗಂಟೆ. ಪುಸ್ತಕದ ವೇಗದಲ್ಲಿ 50,000 ಟನ್ ಇಳಿಸಲು ಬೇಕಾದದ್ದು 87. ಉಳಿದ 57 ಗಂಟೆ ಎಲ್ಲಿ ಹೋಯಿತು?

ಹಗ್ಗ ಕಟ್ಟಿದ ಮೇಲೆ ಮೊದಲ ಗ್ರಾಬ್ ಇಳಿಯುವವರೆಗೆ, ಮತ್ತು ಕೊನೆಯ ಗ್ರಾಬ್ ಎದ್ದ ಮೇಲೆ ಹಡಗು ಧಕ್ಕೆ ಬಿಡುವವರೆಗೆ, ಎರಡೂ ಸೇರಿ 12 ಗಂಟೆ. ಇದರಲ್ಲಿ ಏಣಿ ಇಳಿಸುವುದು, ಅಧಿಕಾರಿಗಳ ತಪಾಸಣೆ, ಕ್ರೇನ್ ಸರಿಸುವುದು, ಕಾಗದಪತ್ರ, ಉಬ್ಬರಕ್ಕೆ ಕಾಯುವುದು ಎಲ್ಲ ಬಂತು. ಡ್ರಾಫ್ಟ್ ಸರ್ವೆ ಕೂಡ. ಹಡಗು ನೀರಿನಲ್ಲಿ ಎಷ್ಟು ಮುಳುಗಿದೆ ಅಂತ ಮೈಮೇಲಿನ ಅಂಕಿ ಓದಿ ಸರಕಿನ ತೂಕ ಕಂಡುಹಿಡಿಯುವ ಕ್ರಮ ಇದು. ಈ ಗಾತ್ರದ ಹಡಗಿನಲ್ಲಿ ಒಂದು ಸೆಂಟಿಮೀಟರ್ ಅಂದರೆ 50 ಟನ್ನಿಗೂ ಜಾಸ್ತಿ. ಸರ್ವೇಯರ್ ದೋಣಿಯಲ್ಲಿ ನಿಂತು, ಅಲೆ ಏರಿಳಿಯುವುದನ್ನು ನೋಡುತ್ತಾ, ನಡುವಿನ ಗೆರೆ ಯಾವುದು ಅಂತ ತೀರ್ಮಾನಿಸುವುದನ್ನು ನೋಡಬೇಕು. ಅವರನ್ನು ಅವಸರ ಮಾಡಬಾರದು. ನಾನು ಒಂದು ಸಲ ಮಾಡಿದ್ದೆ. ಮತ್ತೆ ಅಳೆಯಬೇಕಾಯಿತು, ಮೂರು ಗಂಟೆ ಹೋಯಿತು.

ಶಿಫ್ಟ್ ಬದಲಾಗುವಾಗ ದಿನಕ್ಕೆ ಎರಡು ಗಂಟೆಯಂತೆ ಒಟ್ಟು 11. ಗ್ರಾಬಿನ ಹಗ್ಗ ತುಂಡಾಗಿದ್ದು, ಕ್ರೇನ್ ಕೆಟ್ಟಿದ್ದು 8.

ತಳ ಬಳಿಯಲು 9. ಇದು ಹಡಗಿನ ಹೊಟ್ಟೆಯೊಳಗೆ ಒಮ್ಮೆಯೂ ಬಗ್ಗಿ ನೋಡದವರಿಗೆ ಅರ್ಥವಾಗುವುದಿಲ್ಲ. ಹ್ಯಾಚ್ ತುಂಬಿರುವಾಗ ಗ್ರಾಬ್ ಹಸಿದವನ ಹಾಗೆ ಬಾಚುತ್ತದೆ. ಕೆಳಗೆ ಹೋದಂತೆ ಮಧ್ಯದಲ್ಲಿ ಗುಂಡಿ ಬೀಳುತ್ತದೆ, ಸರಕು ಮೂಲೆಗಳಲ್ಲಿ, ಪಕ್ಕದ ಇಳಿಜಾರಿನಲ್ಲಿ, ಕಬ್ಬಿಣದ ಪಕ್ಕೆಲುಬುಗಳ ಸಂದಿನಲ್ಲಿ ಅಂಟಿಕೊಂಡು ಉಳಿಯುತ್ತದೆ. ಆಗ ಕ್ರೇನಿನಲ್ಲೇ ಒಂದು ಪೇಲೋಡರನ್ನು, ಅಂದರೆ ಸರಕು ತಳ್ಳುವ ಗಾಡಿಯನ್ನು, ಕಟ್ಟಿ ಒಳಗಿಳಿಸಬೇಕು. ಅದಕ್ಕೂ ಮೊದಲು ಒಳಗಿನ ಗಾಳಿ ಪರೀಕ್ಷೆ ಮಾಡಬೇಕು. ಕಲ್ಲಿದ್ದಲು ಆಮ್ಲಜನಕ ಹೀರುತ್ತದೆ, ಗಾಳಿ ನೋಡದೆ ಇಳಿದವನು ಮೇಲೆ ಬರುವುದಿಲ್ಲ. ಪೇಲೋಡರ್ ಮೂಲೆಯಿಂದ ತಳ್ಳಿ ಮಧ್ಯೆ ಗುಡ್ಡೆ ಹಾಕುತ್ತದೆ, ಪಕ್ಕಕ್ಕೆ ಸರಿಯುತ್ತದೆ, ಗ್ರಾಬ್ ಇಳಿಯುತ್ತದೆ, ನಾಲ್ಕೈದು ಟನ್ ಸಿಗುತ್ತದೆ. 12 ಅಲ್ಲ. ಕೊನೆಗೆ ಸಲಿಕೆ ಹಿಡಿದು ಜನ. ಕೊನೆಯ ಎರಡು ಸಾವಿರ ಟನ್ನಿಗೆ ಮೊದಲ ಹತ್ತು ಸಾವಿರದಷ್ಟು ಬೆವರು. ಪುಸ್ತಕದ ಲೆಕ್ಕ ಬರೆದವರು ಹ್ಯಾಚ್ ಯಾವಾಗಲೂ ತುಂಬಿರುತ್ತದೆ ಅಂದುಕೊಂಡಿದ್ದರು.

ಹಾಗಾದರೆ ಒಂದು ಹ್ಯಾಚ್ ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋಗಿ ಅಂತ ಹೊಸಬರು ಹೇಳುತ್ತಾರೆ. ಆಗದು. ಒಂದು ತುದಿ ಖಾಲಿ, ಇನ್ನೊಂದು ತುದಿ ಭಾರ ಆದರೆ ಹಡಗಿನ ಬೆನ್ನೇ ಬಾಗುತ್ತದೆ. ಯಾವ ಹ್ಯಾಚಿನಿಂದ ಎಷ್ಟು ತೆಗೆದ ಮೇಲೆ ಯಾವುದಕ್ಕೆ ಹೋಗಬೇಕು ಅನ್ನುವ ಯೋಜನೆಗೆ ಕ್ಯಾಪ್ಟನ್ ಮತ್ತು ಟರ್ಮಿನಲ್ ಇಬ್ಬರೂ ಮೊದಲೇ ಒಪ್ಪಿರಬೇಕು. ಅಂತಾರಾಷ್ಟ್ರೀಯ ಕಡಲ ಸಂಸ್ಥೆ 1997ರಲ್ಲಿ ಒಪ್ಪಿದ ಬಿಡಿ ಸರಕು ಹಡಗುಗಳ ಸಂಹಿತೆ ಇದನ್ನೇ ಹೇಳುತ್ತದೆ. ಅದನ್ನು ಮುಟ್ಟಲು ನಾವು ಯತ್ನಿಸಲಿಲ್ಲ.

12, 11, 8, 9. ಒಟ್ಟು 40. ಉಳಿದದ್ದು 17 ಗಂಟೆ. ಅದರ ಮುಂದೆ ಕಾಗದದಲ್ಲಿ ಬರೆದಿದ್ದು 'ದಡದ ಕಡೆಯಿಂದ ತಡೆ'. ಅಷ್ಟೇ. ಏನು ತಡೆ ಅಂತ ಇಲ್ಲ. ಅದಕ್ಕೆ ನಾನು ಕೆಂಪು ಬಣ್ಣ ಹಾಕಿದ್ದೆ. ನಲವತ್ತು ಹಡಗಿನ ಹಾಳೆಗಳನ್ನು ಗೋಡೆಗೆ ಅಂಟಿಸಿದಾಗ ಕೆಂಪು ಎಲ್ಲ ಕಡೆ ಚುಕ್ಕೆ ಚುಕ್ಕೆಯಾಗಿ ಕಾಣುತ್ತಿತ್ತು. ಉದ್ದದ ತಡೆ ಒಂದೂ ಇಲ್ಲ. ಇಪ್ಪತ್ತು ನಿಮಿಷ, ಅರ್ಧ ಗಂಟೆ, ಹೀಗೆ.

ಕಾಗದ ಬಿಟ್ಟು ಕ್ರೇನ್ ಹತ್ತಿದೆ. ಆಪರೇಟರ್ ಕ್ಯಾಬಿನಿನಲ್ಲಿ ಗ್ರಾಬನ್ನು ಹಾಪರ್ ಮೇಲೆ ತೂಗಿಸಿಕೊಂಡು ಕೂತಿದ್ದರು. ಹಾಪರ್ ತುಂಬಿತ್ತು. "ಕೆಳಗೆ ಗಾಡಿ ಇಲ್ಲ ಸಾರ್," ಅಂದರು. "ಇದೇನು ಹೊಸದಲ್ಲ. ಮೂರೂ ಬರ್ತ್ ಓಡಿದ ದಿನ ಹೀಗೇ. ಎರಡು ಓಡಿದರೆ ಪರವಾಗಿಲ್ಲ."

ಈ ಮಾತನ್ನು ಅವರು ಯಾರಿಗಾದರೂ ಹೇಳಿದ್ದರಾ ಅಂತ ಕೇಳಿದೆ. ಯಾರೂ ಕೇಳಿರಲಿಲ್ಲ, ಅದಕ್ಕೆ ಹೇಳಿರಲಿಲ್ಲ.

ಮಾರನೇ ದಿನ ವಾಚ್ ಹಿಡಿದು ಒಂದು ಟಿಪ್ಪರಿನಲ್ಲಿ ಡ್ರೈವರ್ ಪಕ್ಕ ಕೂತೆ. ಹಾಪರ್ ಕೆಳಗೆ ಮೂರು ನಿಮಿಷದಲ್ಲಿ 20 ಟನ್ ತುಂಬಿತು. ಹೊರಟೆವು. ಗಾಡಿಯನ್ನೇ ತೂಗುವ ವೇಬ್ರಿಡ್ಜ್. ಮುಂದೆ ಆರು ಗಾಡಿ. ತೂಕ ಆಯಿತು. ಸರಕು ಗುಡ್ಡೆ ಹಾಕುವ ಯಾರ್ಡಿಗೆ ಹೋದೆವು, ಸುರಿದೆವು. ವಾಪಸ್ ಬರುವಾಗ ಖಾಲಿ ತೂಕಕ್ಕೆ ಮತ್ತೆ ವೇಬ್ರಿಡ್ಜ್. ಮುಂದೆ ಏಳು ಗಾಡಿ. ಡ್ರೈವರ್ ಎಂಜಿನ್ ಆಫ್ ಮಾಡಿ ಸೀಟಿಗೆ ಒರಗಿದರು. ಒಂದು ಸುತ್ತಿಗೆ 50 ನಿಮಿಷ. ರಾತ್ರಿ ಒಂದು ಬರ್ತ್ ನಿಂತಿದ್ದಾಗ ಮತ್ತೆ ಹೋದೆ. 35 ನಿಮಿಷ.

ಪ್ರತಿ ಹಡಗಿಗೂ 14 ಟಿಪ್ಪರ್ ಇದ್ದವು. ಸುತ್ತು 35 ನಿಮಿಷ ಆದರೆ ಗಂಟೆಗೆ 24 ಲೋಡ್, 480 ಟನ್. ಕ್ರೇನ್ ಕೊಡುವುದು 576. ಅಂದರೆ ಒಳ್ಳೆಯ ದಿನವೂ ಮೂರು ಗಾಡಿ ಕಡಿಮೆ. ಸುತ್ತು 50 ನಿಮಿಷ ಆದರೆ ಗಂಟೆಗೆ 17 ಲೋಡ್ ಕೂಡ ಆಗದು, 336 ಟನ್. ಕ್ರೇನಿನ ತಾಕತ್ತಿನಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ನಾನು ಲೆಕ್ಕ ಹಾಕಿದ ಹಡಗಿನ ಹೊತ್ತಿನಲ್ಲಿ ಪಕ್ಕದ ಬರ್ತಿನ ಕೆಲಸ ಬಹುಪಾಲು ನಿಂತಿತ್ತು. ಅದಕ್ಕೇ 17 ಗಂಟೆಗೆ ಮುಗಿದಿತ್ತು.

ವೇಬ್ರಿಡ್ಜ್ ಎರಡಿದ್ದವು. ಒಂದು ಗಾಡಿ ಹತ್ತಿ, ಚೀಟಿ ಬಂದು, ಇಳಿಯಲು ಒಂದು ನಿಮಿಷ ಹತ್ತು ಹನ್ನೆರಡು ಸೆಕೆಂಡು. ಎರಡೂ ಸೇರಿ ಗಂಟೆಗೆ 100 ತೂಕ. ಆದರೆ ಪ್ರತಿ ಲೋಡಿಗೂ ಎರಡು ತೂಕ ಬೇಕು, ತುಂಬಿದ್ದೊಂದು, ಖಾಲಿ ಒಂದು. ಹಾಗಾಗಿ ಗಂಟೆಗೆ 50 ಲೋಡ್. ಸಾವಿರ ಟನ್. ಮೂರು ಬರ್ತಿನ ಆರು ಕ್ರೇನ್ ಸೇರಿ ಕೊಡಬಲ್ಲದು 1,728 ಟನ್. ಬಂದರಿನ ಸಾಮರ್ಥ್ಯ ಎಷ್ಟು ಅಂತ ಕೇಳಿದರೆ ನಾವೆಲ್ಲ ತಲೆ ಎತ್ತಿ ಕ್ರೇನ್ ಕಡೆ ನೋಡುತ್ತಿದ್ದೆವು. ಉತ್ತರ ನೆಲದ ಮಟ್ಟದಲ್ಲಿ, ಸಿಮೆಂಟ್ ಗುಂಡಿಯೊಳಗಿನ ಕಬ್ಬಿಣದ ಹಲಗೆಯ ಮೇಲೆ ಇತ್ತು. ಆ ಸ್ಥಿತಿಯಲ್ಲಿ ನಾಲ್ಕನೇ ಬರ್ತ್ ಕಟ್ಟಿದ್ದರೆ ವೇಬ್ರಿಡ್ಜ್ ಮುಂದೆ ಇನ್ನೂ 14 ಗಾಡಿ ನಿಲ್ಲುತ್ತಿದ್ದವು, ಅಷ್ಟೇ.

ಪರಿಹಾರ ದೊಡ್ಡದೇನಲ್ಲ. ಖಾಲಿ ಗಾಡಿಯ ತೂಕವನ್ನು ಪ್ರತಿ ಸುತ್ತಿಗೂ ನೋಡದೆ, ಶಿಫ್ಟಿನ ಆರಂಭದಲ್ಲಿ ಒಮ್ಮೆ ನೋಡಿ ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳುವುದು. ಹೇಳಿದ ಕೂಡಲೇ ಸರಕಿನವರು ಬೇಡ ಅಂದರು. ಅವರ ಮಾತಿನಲ್ಲೂ ಅರ್ಥ ಇತ್ತು. ಡೀಸೆಲ್ ಖರ್ಚಾದರೆ ಗಾಡಿ ಹಗುರ ಆಗುತ್ತದೆ, ಗಾಡಿಯ ತೊಟ್ಟಿಗೆ ಒದ್ದೆ ಪುಡಿ ಅಂಟಿದರೆ ಭಾರ ಆಗುತ್ತದೆ. ಒಂದು ಲೋಡಿಗೆ ನೂರು ಕಿಲೋ ವ್ಯತ್ಯಾಸ ಬಂದರೆ 2,500 ಲೋಡಿಗೆ ಎಷ್ಟು? 250 ಟನ್. ಆಗ ಎರಡು ವಾರ ಎರಡೂ ರೀತಿ ತೂಗಿ ತೋರಿಸಿದೆವು. ಪುಡಿ ಅಂಟುವುದೇ ದೊಡ್ಡ ತೊಂದರೆ, ಡೀಸೆಲ್ ಅಲ್ಲ ಅಂತ ಗೊತ್ತಾಯಿತು. ಯಾರ್ಡಿನಲ್ಲಿ ತೊಟ್ಟಿ ಕೆರೆಯಲು ಇಬ್ಬರನ್ನು ನಿಲ್ಲಿಸಿದೆವು. ಶಿಫ್ಟಿನ ಮಧ್ಯೆ ಯಾವುದಾದರೂ ಗಾಡಿಯನ್ನು ಹಿಡಿದು ಮತ್ತೆ ಖಾಲಿ ತೂಕ ನೋಡುವ ಹಕ್ಕನ್ನು ಸರಕಿನವರಿಗೇ ಕೊಟ್ಟೆವು. ಒಪ್ಪಿದರು. ಹಡಗಿಗೆ ಮೂರು ಗಾಡಿ ಹೆಚ್ಚಿಸಲು ಗುತ್ತಿಗೆದಾರರನ್ನು ಒಪ್ಪಿಸುವುದು ಇದಕ್ಕಿಂತ ಸುಲಭವಾಯಿತು, ಯಾಕೆಂದರೆ ಅವರ ಗಾಡಿಗಳು ಈಗ ಸುಮ್ನೆ ನಿಲ್ಲುತ್ತಿರಲಿಲ್ಲ.

ಶಿಫ್ಟ್ ಬದಲಾವಣೆಯ ವಿಷಯ ಚಿಕ್ಕದು. ಮೊದಲು ಎರಡೂ ಕ್ರೇನಿನವರು ಒಟ್ಟಿಗೆ ಇಳಿದು ಹೋಗುತ್ತಿದ್ದರು, ಮುಂದಿನವರು ಒಟ್ಟಿಗೆ ಬರುತ್ತಿದ್ದರು. ಈಗ ಹೊಸಬರು ಕ್ಯಾಬಿನಿಗೇ ಬಂದು ಸೀಟು ಬದಲಿಸಿಕೊಳ್ಳುತ್ತಾರೆ. ಎರಡು ಕ್ರೇನಿಗೂ ಅರ್ಧ ಗಂಟೆ ಅಂತರ. 11 ಗಂಟೆ ಐದಕ್ಕೆ ಇಳಿಯಿತು.

ಇಷ್ಟರಿಂದ ಆರು ದಿನದ ಹಡಗು ಐದು ದಿನಕ್ಕೆ ಮುಗಿಯಬಹುದು ಅಂತ ಅಂದಾಜಾಯಿತು. ಒಂದು ದಿನ ಉಳಿದರೆ ಹೊರಗಿನ ಸಾಲು ಎಷ್ಟು ಕರಗುತ್ತದೆ ಅಂತ ಮೇಲಿನವರು ಕೇಳಿದರು. ಆರರಲ್ಲಿ ಒಂದು ಕಡಿಮೆಯಾದರೆ ಕಾಯುವುದೂ ಅಷ್ಟೇ ಕಡಿಮೆಯಾಗುತ್ತದೆ ಅಂತ ಅವರ ಲೆಕ್ಕ. ನನಗೆ ಅದು ಸರಿ ಅಲ್ಲ ಅನಿಸಿತು, ಆದರೆ ಬಾಯಲ್ಲಿ ಹೇಳಿದರೆ ಯಾರು ನಂಬುತ್ತಾರೆ? ಎಕ್ಸೆಲ್ ತೆರೆದೆ.

ಮಾಡಿದ್ದು ಯಾರು ಬೇಕಾದರೂ ಮಾಡಬಹುದಾದ ಕೆಲಸ. ಒಂದೊಂದು ಸಾಲಿಗೆ ಒಂದು ಹಡಗು, ವರ್ಷದ 146 ಹಡಗೂ ರಿಜಿಸ್ಟರಿನಲ್ಲಿ ಬಂದ ಕ್ರಮದಲ್ಲೇ. ಮೊದಲ ಕಾಲಂನಲ್ಲಿ ಹಡಗು ಬಂದ ದಿನ, ಗಂಟೆ. ಆಮೇಲೆ ಮೂರು ಕಾಲಂನಲ್ಲಿ ಮೂರು ಬರ್ತ್ ಯಾವಾಗ ಖಾಲಿಯಾಗುತ್ತವೆ ಅಂತ. ಮೂರರಲ್ಲಿ ಯಾವುದು ಬೇಗ ಖಾಲಿಯೋ ಅದನ್ನೂ ಹಡಗು ಬಂದ ಹೊತ್ತನ್ನೂ ಹೋಲಿಸಿ, ಯಾವುದು ತಡವೋ ಅದೇ ಕೆಲಸ ಶುರುವಾಗುವ ಹೊತ್ತು. ಅದಕ್ಕೆ ಬರ್ತಿನಲ್ಲಿ ಇರುವ ದಿನ ಸೇರಿಸಿದರೆ ಆ ಬರ್ತ್ ಮತ್ತೆ ಖಾಲಿಯಾಗುವ ಹೊತ್ತು. ಶುರುವಿನಿಂದ ಬಂದ ಹೊತ್ತನ್ನು ಕಳೆದರೆ ಕಾಯ್ದದ್ದು. ಮೊದಲು ನಿಜವಾಗಿ ನಡೆದದ್ದನ್ನೇ ಹಾಕಿ ಸರಾಸರಿ ನಾಲ್ಕು ದಿನದ ಹತ್ತಿರ ಬರುತ್ತದಾ ಅಂತ ನೋಡಿಕೊಂಡೆ. ಬಂತು. ಆಮೇಲೆ ಪ್ರತಿ ಹಡಗಿನ ದಿನವನ್ನು ಆರರಲ್ಲೊಂದು ಪಾಲು ಇಳಿಸಿದೆ. ಕಾಯುವುದು ಒಂದೂವರೆ ದಿನಕ್ಕೆ ಬಿತ್ತು.

ನಾನೇ ಎರಡು ಸಲ ಸೂತ್ರ ನೋಡಿದೆ, ತಪ್ಪಾಗಿದೆಯೇನೋ ಅಂತ. ತಪ್ಪಿರಲಿಲ್ಲ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕರೆಗಳ ಸಾಲಿನ ಲೆಕ್ಕವನ್ನು ಡೆನ್ಮಾರ್ಕಿನ ಗಣಿತಜ್ಞ ಎರ್ಲಾಂಗ್ 1909ರಿಂದ 1917ರ ನಡುವೆ ಹಾಕಿಟ್ಟಿದ್ದಾರೆ. ಹಡಗಿಗೂ ಅದೇ ಹೊಂದುತ್ತದೆ. ಮೂರು ಬರ್ತ್, ಹಡಗುಗಳು ಹೇಗೆಂದರೆ ಹಾಗೆ ಬರುತ್ತವೆ, ಬರ್ತಿನಲ್ಲಿ ಇರುವ ದಿನವೂ ಒಂದೊಂದಕ್ಕೆ ಒಂದೊಂದು ಅಂತ ಇಟ್ಟುಕೊಂಡರೆ, ಬರ್ತ್ 60 ಶೇಕಡಾ ತುಂಬಿದ್ದಾಗ ಕಾಯುವುದು ಕೆಲಸದ ಹೊತ್ತಿನ ಮೂರನೇ ಒಂದು ಪಾಲಿಗಿಂತ ಕಡಿಮೆ. 70ಕ್ಕೆ ಅರ್ಧದಷ್ಟು. 80ಕ್ಕೆ ಕೆಲಸದ ಹೊತ್ತಿನಷ್ಟೇ. 90ಕ್ಕೆ ಅದರ ಎರಡೂವರೆ ಪಟ್ಟಿಗೂ ಜಾಸ್ತಿ. ನಮ್ಮ ಹಡಗುಗಳ ದಿನಗಳಲ್ಲಿ ಅಷ್ಟು ಏರುಪೇರು ಇಲ್ಲದ್ದರಿಂದ ಕಾಯುವುದು ಸ್ವಲ್ಪ ಕಡಿಮೆ ಇತ್ತು. ಆದರೆ ಏರುವ ರೀತಿ ಇದೇ. ನಾವು ಹೆಮ್ಮೆಪಡುತ್ತಿದ್ದ 80 ಶೇಕಡಾ ಅಂದರೆ ಗುಡ್ಡದ ಕಡಿದಾದ ಜಾಗ. ಅಲ್ಲಿಂದ 67ಕ್ಕೆ ಇಳಿದದ್ದಕ್ಕೇ ಸಾಲು ಅಷ್ಟು ಕರಗಿದ್ದು. ವಿಶ್ವಸಂಸ್ಥೆಯ ವ್ಯಾಪಾರ ಮತ್ತು ಅಭಿವೃದ್ಧಿ ಸಂಸ್ಥೆ ಅಂಕ್ಟಾಡ್ ಸಾಮಾನ್ಯ ಸರಕಿನ ಬರ್ತುಗಳಿಗೆ ಬಹಳ ಹಿಂದೆಯೇ ಮಿತಿ ಹೇಳಿದೆ: ಒಂದೇ ಬರ್ತ್ ಆದರೆ 40 ಶೇಕಡಾ, ಮೂರಾದರೆ 55, ಆರರಿಂದ ಹತ್ತು ಇದ್ದರೆ 70. ಅದನ್ನು ಮೀಟಿಂಗಿನಲ್ಲಿ ತೋರಿಸಿದಾಗ ಲೆಕ್ಕಪತ್ರದವರು, "ಅಂದ್ರೆ ಅರ್ಧ ಹೊತ್ತು ಬರ್ತ್ ಖಾಲಿ ಇಡಿ ಅಂತೀರಾ?" ಅಂದರು. ಹೌದು, ಹೆಚ್ಚು ಕಡಿಮೆ ಹಾಗೇ. ಖಾಲಿ ಬರ್ತಿನ ಖರ್ಚು ನಮ್ಮ ಪುಸ್ತಕದಲ್ಲಿ ಬರುತ್ತದೆ. ಕಾಯುವ ಹಡಗಿನ ಖರ್ಚು ಬೇರೆಯವರ ಪುಸ್ತಕದಲ್ಲಿ ಬರುತ್ತದೆ. ಅದಕ್ಕೇ ನಮಗೆ ಮೊದಲನೆಯದು ಮಾತ್ರ ಚುಚ್ಚುವುದು.

ಇನ್ನೊಂದು ಮಾತು. ದಿನಕ್ಕೆ 0.4 ಹಡಗು ಬರುತ್ತದೆ, ಸರಾಸರಿ ನಾಲ್ಕು ದಿನ ಕಾಯುತ್ತದೆ, ಗುಣಿಸಿದರೆ 1.6. ಯಾವುದೇ ದಿನ ಹೊರಗೆ ಸರಾಸರಿ ಒಂದೂವರೆ ಹಡಗು. 1961ರಲ್ಲಿ ಜಾನ್ ಲಿಟಲ್ ಸಾಬೀತು ಮಾಡಿದ ಸರಳ ನಿಯಮ ಇದು. ಹಾಗಾದರೆ ಏಳು ಎಲ್ಲಿಂದ ಬಂದವು? ಹಡಗುಗಳು ಬಸ್ಸಿನ ಹಾಗೆ. ವಾರವಿಡೀ ಒಂದೂ ಇಲ್ಲ, ಆಮೇಲೆ ಮೂರು ಒಟ್ಟಿಗೆ. ಹೊರಟ ಬಂದರಿನಲ್ಲಿ ಬಿರುಗಾಳಿ ಎದ್ದು ಎರಡು ದಿನ ನಿಂತವು ಒಟ್ಟಿಗೆ ಹೊರಡುತ್ತವೆ, ಒಟ್ಟಿಗೆ ಬರುತ್ತವೆ. ಆ ವಾರವನ್ನು ಜನ ನೆನಪಿಟ್ಟುಕೊಳ್ಳುತ್ತಾರೆ, ಸಮುದ್ರ ಖಾಲಿ ಇದ್ದ ವಾರವನ್ನಲ್ಲ.

ನಮ್ಮದು ಸಣ್ಣ ತೊಂದರೆ. ದೊಡ್ಡದು ಹೇಗಿರುತ್ತದೆ ಅಂತ ನೋಡಬೇಕಾದರೆ 1975ರ ಲಾಗೋಸ್. ನೈಜೀರಿಯಾ ಸರ್ಕಾರ ಸುಮಾರು ಎರಡು ಕೋಟಿ ಟನ್ ಸಿಮೆಂಟಿಗೆ ಆರ್ಡರ್ ಕೊಟ್ಟುಬಿಟ್ಟಿತು. ಬಂದರಿಗೆ ವರ್ಷಕ್ಕೆ ಇಳಿಸಲು ಆಗುತ್ತಿದ್ದ ಸಿಮೆಂಟ್ ಹತ್ತು ಲಕ್ಷ ಟನ್ ಆಸುಪಾಸು. ನೂರಾರು ಹಡಗು ಹೊರಗೆ ನಿಂತವು. ಸಿಮೆಂಟ್ ಹಡಗಿನಲ್ಲೇ ಗಟ್ಟಿಯಾಯಿತು. ಡೆಮರೇಜ್ ಸಿಗುತ್ತದಲ್ಲ ಅಂತ ಮುದಿ ಹಡಗುಗಳನ್ನು ಬೇಕೆಂತಲೇ ಅಲ್ಲಿಗೆ ಕಳಿಸಿದವರೂ ಇದ್ದರು. ಇನ್ನೊಂದು, ಆಸ್ಟ್ರೇಲಿಯಾದ ನ್ಯೂಕ್ಯಾಸಲ್. ಅಲ್ಲಿ ಕಲ್ಲಿದ್ದಲು ತುಂಬಿಸಿಕೊಳ್ಳಲು ಕಾಯುತ್ತಿದ್ದ ಐವತ್ತಕ್ಕೂ ಹೆಚ್ಚು ಹಡಗು ಲಂಗರು ಹಾಕಿದ್ದಾಗ, 2007ರ ಜೂನ್ 8ರಂದು ಬಿರುಗಾಳಿಗೆ ಸಿಕ್ಕಿ ಪಾಶಾ ಬಲ್ಕರ್ ಅನ್ನುವ ಹಡಗು ಮರಳಿಗೆ ಬಂದು ಕೂತಿತು. 22 ಜನರನ್ನು ಹೆಲಿಕಾಪ್ಟರಿನಲ್ಲಿ ಎತ್ತಬೇಕಾಯಿತು. ಸಾಲು ಅಂದರೆ ಬರೀ ದುಡ್ಡಿನ ವಿಷಯ ಅಲ್ಲ ಅಂತ ಆ ಫೋಟೋ ನೋಡಿದಾಗೆಲ್ಲ ಅನಿಸುತ್ತದೆ.

ಮೊದಲು ಬಂದವರಿಗೆ ಮೊದಲು ಅನ್ನುವ ನಿಯಮವೂ ಸಾಲನ್ನು ಬೆಳೆಸುತ್ತದೆ. ಬಂದು ನೋಟಿಸ್ ಕೊಟ್ಟರೆ ಸರದಿ ಸಿಗುತ್ತದೆ, ಒಪ್ಪಂದದ ಹೊತ್ತಿನ ಗಡಿಯಾರ ಓಡಲು ಶುರುವಾಗುತ್ತದೆ. ಹಾಗಾಗಿ ಕ್ಯಾಪ್ಟನ್ ಓಡಿಸಿಕೊಂಡು ಬಂದು ನಾಲ್ಕು ದಿನ ಸುಮ್ನೆ ನಿಲ್ಲುತ್ತಾನೆ. ವೇಗ ಹತ್ತು ಶೇಕಡಾ ಇಳಿಸಿದ್ದರೆ ಗಂಟೆಗೆ ಉರಿಯುವ ಎಣ್ಣೆ ಸುಮಾರು ಕಾಲುಭಾಗ ಉಳಿಯುತ್ತಿತ್ತು. ಲಾಸ್ ಏಂಜಲೀಸ್ ಮತ್ತು ಲಾಂಗ್ ಬೀಚ್‌ನಲ್ಲಿ 2021ರ ನವೆಂಬರಿನಲ್ಲಿ ಈ ನಿಯಮವನ್ನೇ ಬದಲಿಸಿದರು. ಹಿಂದಿನ ಬಂದರು ಬಿಟ್ಟ ಹೊತ್ತಿನ ಮೇಲೆ ಸರದಿ ಲೆಕ್ಕ ಹಾಕಿ, ಹಡಗುಗಳು ದೂರದಲ್ಲೇ ನಿಧಾನವಾಗಿ ಬರಲಿ ಅಂದರು. ಸಾಲು ಅದರಿಂದ ಚಿಕ್ಕದಾಗಲಿಲ್ಲ, 2022ರ ಜನವರಿಯಲ್ಲಿ 109 ಹಡಗಿಗೆ ಮುಟ್ಟಿತು. ಆದರೆ ದಡದ ಮುಂದಿನ ಗುಂಪು ಚದುರಿತು. ನಮ್ಮಲ್ಲೂ ಇದನ್ನು ಮಾಡೋಣ ಅಂತ ಏಜೆಂಟರಿಗೆ ಹೇಳಿದೆ. ನಕ್ಕರು. ಬಾಡಿಗೆ ಒಪ್ಪಂದ ಬರೆಯುವವರು ಬೇರೆಲ್ಲೋ ಕೂತಿದ್ದಾರೆ, ನಿಧಾನವಾಗಿ ಬಂದರೆ ಗಡಿಯಾರ ಯಾರು ಓಡಿಸುತ್ತಾರೆ ಅಂದರು. ಅದು ಹಾಗೇ ನಿಂತಿದೆ.

ವೇಬ್ರಿಡ್ಜಿನ ಬದಲಾವಣೆ ಮಾತ್ರ ಕೆಲಸ ಮಾಡಿತು. ಎರಡು ತಿಂಗಳಲ್ಲಿ ಹಡಗುಗಳು ಐದು ದಿನದ ಹತ್ತಿರಕ್ಕೆ ಬಂದವು. ಹೊರಗೆ ಒಂದು ಹಡಗು, ಎಷ್ಟೋ ದಿನ ಒಂದೂ ಇಲ್ಲ. ನನಗೆ ಶಭಾಷ್ ಸಿಕ್ಕಿತು. ನಾಲ್ಕನೇ ತಿಂಗಳಲ್ಲಿ ಸಾಲು ವಾಪಸ್ ಬಂತು.

ಈ ಸಲ ನೇರವಾಗಿ ಟಿಪ್ಪರ್ ಹತ್ತಿದೆ. ವೇಬ್ರಿಡ್ಜಿನಲ್ಲಿ ಎರಡೇ ಗಾಡಿ. ದಾಟಿ ಹೋದೆವು. ಯಾರ್ಡಿನಲ್ಲಿ ಜಾಗ ಇಲ್ಲ. ಡ್ರೈವರ್ ಒಂದು ಗುಡ್ಡೆ ಸುತ್ತಿ, ಇನ್ನೊಂದು ಗುಡ್ಡೆ ಸುತ್ತಿ, ಹಳೆಯ ಪ್ಲಾಟಿಗೆ ಹೋಗಿ ಸುರಿದರು. "ಈಗ ಬೇಗ ಬೇಗ ಇಳಿಸ್ತೀರಿ ಸಾರ್," ಅಂದರು, "ತಗೊಂಡು ಹೋಗೋರು ಹಳೇ ಥರಾನೇ ಇದಾರೆ."

ನಿಜ. ನಾವು ಬಾಗಿಲು ಅಗಲ ಮಾಡಿದ್ದೆವು, ಕೋಣೆ ಅಷ್ಟೇ ಇತ್ತು. ಸರಕಿನವರಿಗೆ ಯಾರ್ಡಿನಲ್ಲಿ ಬಾಡಿಗೆ ಇಲ್ಲದೆ ಇಟ್ಟುಕೊಳ್ಳಲು ದಿನಗಳ ಗಡುವು ಇದೆ. ಆ ಗಡುವಿನ ಕೊನೆಯ ದಿನದವರೆಗೂ ಯಾರೂ ಮುಟ್ಟುತ್ತಿರಲಿಲ್ಲ. ತಪ್ಪು ಅವರದ್ದಲ್ಲ, ಅವರಿಗೆ ಅದು ಪುಕ್ಕಟೆ ಗೋದಾಮು. ಆ ದಿನಗಳನ್ನು ಕಡಿಮೆ ಮಾಡಿ ಅಂತ ಬರೆದೆ. ದೊಡ್ಡ ಗಿರಾಕಿಗಳು ಬೇರೆ ಬಂದರಿಗೆ ಹೋಗುತ್ತೇವೆ ಅಂದರು. ಕೊನೆಗೆ ಸಿಕ್ಕಿದ್ದು ಅರ್ಧ ದಾರಿ: ಬೇಗ ಖಾಲಿ ಮಾಡಿದವರ ಮುಂದಿನ ಹಡಗಿಗೆ ಧಕ್ಕೆಯ ಹತ್ತಿರದ ಪ್ಲಾಟ್. ಹತ್ತಿರದ ಪ್ಲಾಟ್ ಅಂದರೆ ಟಿಪ್ಪರಿನ ಸುತ್ತು ಚಿಕ್ಕದು, ಹಡಗು ಬೇಗ ಬಿಡುತ್ತದೆ, ಅವರ ಡೆಮರೇಜ್ ಉಳಿಯುತ್ತದೆ. ಇಬ್ಬರು ಗಿರಾಕಿಗಳು ಇದನ್ನು ಹಿಡಿದುಕೊಂಡಿದ್ದಾರೆ. ಉಳಿದವರು ಇನ್ನೂ ಕೊನೆಯ ದಿನವೇ ಬರುತ್ತಾರೆ. ಈಗ ಕಾಯುವುದು ಸರಾಸರಿ ಎರಡು ದಿನದ ಸುತ್ತಮುತ್ತ. ನನ್ನ ಎಕ್ಸೆಲ್ ಹೇಳಿದ ಒಂದೂವರೆ ಇನ್ನೂ ಬಂದಿಲ್ಲ, ಯಾಕೆಂದರೆ ಅದರಲ್ಲಿ ಯಾರ್ಡಿಗೆ ಕಾಲಂ ಹಾಕಿರಲಿಲ್ಲ.

ಕಾಲಂ ಈಗ ಹಾಕಿದ್ದೇನೆ. ಗೋಡೆಯ ಮೇಲೆ ಬಣ್ಣದ ಹಾಳೆಗಳೂ ಹಾಗೇ ಇವೆ, ತಿಂಗಳಿಗೊಮ್ಮೆ ಹೊಸದು ಅಂಟಿಸುತ್ತೇನೆ. ವಾರ್ಷಿಕ ವರದಿಯಲ್ಲಿ ಬರ್ತ್ ಎಷ್ಟು ಶೇಕಡಾ ತುಂಬಿತ್ತು ಅನ್ನುವುದರ ಪಕ್ಕದಲ್ಲೇ ಹಡಗು ಎಷ್ಟು ದಿನ ಕಾಯಿತು ಅನ್ನುವುದೂ ಅಚ್ಚಾಗುತ್ತದೆ, ಅದಕ್ಕೆ ಎರಡು ಮೀಟಿಂಗಿನ ಜಗಳ ಹಿಡಿಯಿತು. ನಾಲ್ಕನೇ ಬರ್ತಿನ ಫೈಲ್ ಮತ್ತೆ ಮೇಜಿಗೆ ಬಂದಿದೆ. ಸರಕು ಹೀಗೇ ಏರಿದರೆ ಅದು ಬೇಕಾಗಬಹುದು, ಬೇಡ ಅಂತ ನಾನು ಹೇಳುತ್ತಿಲ್ಲ. ಮುಂದಿನ ವಾರ ಅದರ ಸಭೆ. ನಾನು ಕ್ರೇನ್ ಆಪರೇಟರನ್ನೂ ಆ ಟಿಪ್ಪರ್ ಡ್ರೈವರನ್ನೂ ಕರೆದುಕೊಂಡು ಹೋಗುತ್ತಿದ್ದೇನೆ.